‘ಅವಧಿ ಮುಗಿದಿದೆ’ ಎಂದ ಅರ್ಜಿ: ಫೈಲ್ ಅಪ್‌ಲೋಡ್ ಎಲ್ಲೆಲ್ಲಿ ಸೋಲುತ್ತದೆ

ಕಳೆದ ಜೂನ್ ತಿಂಗಳ ಒಂದು ಮಧ್ಯಾಹ್ನ ದಾವಣಗೆರೆಯ ವಿದ್ಯಾನಗರದ ಸೈಬರ್ ಸೆಂಟರ್ ಒಂದರಲ್ಲಿ ಪ್ರಿಂಟ್ ತೆಗೆಸಿಕೊಳ್ಳಲು ಕಾಯುತ್ತಿದ್ದಾಗ, ನಾನೇ ಬರೆದಿದ್ದ ವೆಬ್ ಅರ್ಜಿಯೊಂದು ಪಕ್ಕದ ಕಂಪ್ಯೂಟರಿನಲ್ಲಿ ಮೂರನೆಯ ಬಾರಿ ಸೋಲುವುದನ್ನು ಕಂಡೆ. ಪಿಯುಸಿ ಮುಗಿಸಿದ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಒಂದು ಚಿಕ್ಕ ಟ್ರಸ್ಟ್‌ಗಾಗಿ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನು ಮಾಡಿಕೊಟ್ಟಿದ್ದ ಅರ್ಜಿ ಅದು. ಜಗಳೂರು ತಾಲ್ಲೂಕಿನ ಹಳ್ಳಿಯೊಂದರಿಂದ ಮಗಳನ್ನು ಕರೆತಂದಿದ್ದ ತಂದೆಯೊಬ್ಬರು, ಮೆಕ್ಕೆಜೋಳದ ಬಿತ್ತನೆಯನ್ನು ಒಂದು ದಿನದ ಮಟ್ಟಿಗೆ ನಿಲ್ಲಿಸಿ, ಬೆಳಗಿನ ಬಸ್ಸಿಗೆ ಬಂದು ಅಲ್ಲಿ ಕುಳಿತಿದ್ದರು. ಸೆಂಟರ್ ನಡೆಸುವ ಅಕ್ಕ ಐದು ದಾಖಲೆಗಳನ್ನು ಸ್ಕ್ಯಾನ್ ಮಾಡಿ, ಹೆಸರು, ಊರು, ಬ್ಯಾಂಕ್ ಖಾತೆಯ ಸಂಖ್ಯೆ ಎಲ್ಲವನ್ನೂ ತುಂಬಿ ‘ಸಲ್ಲಿಸಿ’ ಗುಂಡಿಯನ್ನು ಒತ್ತಿದಾಗ, ‘ನಿಮ್ಮ ಅವಧಿ ಮುಗಿದಿದೆ, ಮತ್ತೊಮ್ಮೆ ಪ್ರಯತ್ನಿಸಿ’ ಎಂಬ ಸಾಲೊಂದು ಬಂದು, ತುಂಬಿದ್ದೆಲ್ಲವೂ ಅಳಿಸಿಹೋಯಿತು.

ಈ ಅರ್ಜಿ ಬರೆದವನು ನಾನೇ ಎಂದು ಹೇಳಿಕೊಂಡಾಗ ಅಕ್ಕ ಕೇಳಿದ ಪ್ರಶ್ನೆ ಇಷ್ಟೇ: “ಕೂತು ಹತ್ತು ನಿಮಿಷನೂ ಆಗಿಲ್ಲ ಸರ್, ಅವಧಿ ಮುಗಿದೈತಿ ಅಂತೈತಿ. ನಾವೇನ್ ತಪ್ ಮಾಡಿದ್ವಿ ಹೇಳ್ರಿ?” ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ದಾಖಲೆಗಳನ್ನು ಕಡಿಮೆ ರೆಸಲ್ಯೂಶನ್‌ನಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿ ಕಳುಹಿಸಿ ನೋಡಿದೆವು; ಅರ್ಜಿ ಸ್ವೀಕೃತವಾಯಿತು. ಆದರೆ ಅದು ಏಕೆ ಮೊದಲು ಸೋತಿತು, ಸೋತರೂ ಏಕೆ ಸುಳ್ಳು ಕಾರಣ ಹೇಳಿತು ಎಂಬುದು ನನಗೆ ತಿಳಿದದ್ದು ಅಂದು ರಾತ್ರಿ ಸರ್ವರ್‌ನ ಲಾಗ್ (ನಡೆದದ್ದನ್ನು ಸರ್ವರ್ ತಾನೇ ಬರೆದಿಡುವ ದಿನಚರಿ) ತೆರೆದು ಕುಳಿತ ಮೇಲೆ. ಅಲ್ಲಿಂದೀಚೆಗೆ ಹಲವು ವಾರ ನಾನು ಆ ಒಂದೇ ಅರ್ಜಿಯ ಅಪ್‌ಲೋಡ್ ಭಾಗವನ್ನು ತಿದ್ದುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವೆಬ್ ಪುಟದ ಅರ್ಜಿಯ ಮೂಲಕ ಫೈಲ್ ಕಳುಹಿಸುವ ಪದ್ಧತಿ ವ್ಯವಸ್ಥಿತವಾಗಿ ದಾಖಲಾದದ್ದು 1995ರ ನವೆಂಬರ್‌ನಲ್ಲಿ, ಜೆರಾಕ್ಸ್ ಸಂಸ್ಥೆಯ ಅರ್ನೆಸ್ಟೊ ನೆಬೆಲ್ ಮತ್ತು ಲ್ಯಾರಿ ಮ್ಯಾಸಿಂಟರ್ ಬರೆದ ‘ಆರ್‌ಎಫ್‌ಸಿ 1867’ ಎಂಬ ಇಂಟರ್ನೆಟ್‌ನ ತಾಂತ್ರಿಕ ದಾಖಲೆಯಲ್ಲಿ. ಇಂದು ಜಾರಿಯಲ್ಲಿರುವ ಆರ್‌ಎಫ್‌ಸಿ 7578 ಹೊರಬಂದದ್ದು 2015ರಲ್ಲಿ. ಇಪ್ಪತ್ತು ವರ್ಷಗಳಲ್ಲಿ ಮೂಲ ಕಲ್ಪನೆ ಬದಲಾಗಲಿಲ್ಲ. ಅರ್ಜಿಯ ಅಕ್ಷರಗಳ ಭಾಗವೂ ಫೈಲ್‌ಗಳೂ ‘ಮಲ್ಟಿಪಾರ್ಟ್ ಫಾರ್ಮ್ ಡೇಟಾ’ ಎಂಬ ರೂಪದಲ್ಲಿ, ನಡುನಡುವೆ ಒಂದು ಗಡಿರೇಖೆ ಹಾಕಿಕೊಂಡು, ಒಂದೇ ಮೂಟೆಯಾಗಿ ಹೋಗುತ್ತವೆ. ಅಕ್ಕಿ, ಬೇಳೆ, ಬೆಲ್ಲ ಮತ್ತು ಯಾರಿಗೆ ತಲುಪಬೇಕೆಂದು ಬರೆದ ಚೀಟಿ ಎಲ್ಲವನ್ನೂ ಒಂದೇ ಗೋಣಿಚೀಲದೊಳಗೆ ಹಾಕಿ ಬಾಯಿ ಹೊಲಿದಂತೆ. ಚೀಲ ಭಾರವಾಯಿತೆಂದು ಬಾಗಿಲಿನವನು ಅದನ್ನು ತೆರೆಯದೆ ಬದಿಗಿಟ್ಟರೆ, ಒಳಗಿನ ಚೀಟಿಯೂ ಯಾರ ಕೈಗೂ ಸಿಗುವುದಿಲ್ಲ. ನನ್ನ ಅರ್ಜಿಯಲ್ಲಿ ಆದದ್ದು ಇದೇ.

ಪಿಎಚ್‌ಪಿಯಲ್ಲಿ ಎರಡು ಮಿತಿಗಳಿವೆ. ‘ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್’ ಎಂಬುದು ಒಂದೊಂದು ಫೈಲ್‌ಗೆ ಹಾಕಿದ ಮಿತಿ. ನಾವು ಬದಲಾಯಿಸದಿದ್ದರೆ ಅದು 2 ಎಂಬಿ. ‘ಪೋಸ್ಟ್ ಮ್ಯಾಕ್ಸ್ ಸೈಜ್’ ಎಂಬುದು ಇಡೀ ಮೂಟೆಗೆ ಹಾಕಿದ ಮಿತಿ; ಬದಲಾಯಿಸದಿದ್ದರೆ ಅದು 8 ಎಂಬಿ. ನನ್ನ ಅರ್ಜಿ ಕೇಳುತ್ತಿದ್ದದ್ದು ಐದು ದಾಖಲೆಗಳನ್ನು: ಭಾವಚಿತ್ರ, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಾಸ್‌ಬುಕ್‌ನ ಮೊದಲ ಪುಟ, ಕಾಲೇಜಿನ ಶುಲ್ಕದ ರಸೀದಿ. ‘ಪ್ರತಿಯೊಂದೂ 2 ಎಂಬಿ ಮೀರಬಾರದು’ ಎಂದು ಪುಟದ ಮೇಲೆ ನಾನೇ ಬರೆದಿದ್ದೆ. ಅಕ್ಕ ಆ ಸೂಚನೆಯನ್ನು ಓದಿ, ಒಂದೊಂದನ್ನೂ 1.8 ಎಂಬಿಯ ಆಸುಪಾಸಿನಲ್ಲಿಯೇ ಸ್ಕ್ಯಾನ್ ಮಾಡಿದ್ದರು. ಐದೂ ಸೇರಿದರೆ 9 ಎಂಬಿ. ನನ್ನ ಸೂಚನೆಯನ್ನು ಚಾಚೂತಪ್ಪದೆ ಪಾಲಿಸಿದವರ ಅರ್ಜಿಯನ್ನೇ ನನ್ನ ಸರ್ವರ್ ತಿರಸ್ಕರಿಸುತ್ತಿತ್ತು.

ಪೋಸ್ಟ್ ಮಿತಿ ಮೀರಿದಾಗ ಪಿಎಚ್‌ಪಿ ನಡೆದುಕೊಳ್ಳುವ ರೀತಿಯನ್ನು ಪ್ರತಿಯೊಬ್ಬ ವೆಬ್ ಪ್ರೋಗ್ರಾಮರ್ ಒಮ್ಮೆಯಾದರೂ ಕಣ್ಣಾರೆ ನೋಡಿರಬೇಕು. ಅದು ಪ್ರೋಗ್ರಾಮ್ ಅನ್ನು ನಿಲ್ಲಿಸುವುದಿಲ್ಲ. ದೋಷದ ಸಂಖ್ಯೆಯನ್ನೂ ಕೊಡುವುದಿಲ್ಲ. ಲಾಗ್‌ನಲ್ಲಿ ಒಂದು ಎಚ್ಚರಿಕೆಯ ಸಾಲು ಬರೆದು, ‘ಪೋಸ್ಟ್’ ಮತ್ತು ‘ಫೈಲ್ಸ್’ ಎಂಬ ಎರಡು ಅರೇಗಳನ್ನೂ (ಬಂದ ಮಾಹಿತಿಯನ್ನು ತುಂಬಿಡುವ ಪಟ್ಟಿಗಳನ್ನು) ಖಾಲಿಯಾಗಿಟ್ಟು, ಏನೂ ಆಗಿಲ್ಲವೆಂಬಂತೆ ನಮ್ಮ ಕೋಡ್‌ಗೆ ಮುಂದುವರಿಯಲು ಬಿಡುತ್ತದೆ. ಬೇರೆಡೆಯಿಂದ ಯಾರೋ ನಕಲಿ ಅರ್ಜಿ ಸಲ್ಲಿಸದಂತೆ ತಡೆಯಲು ನಾನು ಪುಟದೊಳಗೆ ಒಂದು ಗುಪ್ತ ಟೋಕನ್, ಎಂದರೆ ಗುರುತಿನ ಸಂಕೇತ, ಇಟ್ಟಿದ್ದೆ. ಅದೂ ಆ ಮೂಟೆಯೊಳಗೇ ಇತ್ತು. ಮೂಟೆ ಖಾಲಿಯಾದಾಗ ಟೋಕನ್ ಸಿಗಲಿಲ್ಲ. ಟೋಕನ್ ಸಿಗದಿದ್ದರೆ ಸೆಷನ್ (ಅರ್ಜಿದಾರರನ್ನು ಸರ್ವರ್ ನೆನಪಿಟ್ಟುಕೊಳ್ಳುವ ಅವಧಿ) ಮುಗಿದಿರಬೇಕೆಂದು ನನ್ನ ಕೋಡ್ ತೀರ್ಮಾನಿಸಿ, ‘ಅವಧಿ ಮುಗಿದಿದೆ’ ಎಂದಿತು.

ಈ ಸುಳ್ಳು ನನ್ನನ್ನೂ ದಾರಿ ತಪ್ಪಿಸಿತ್ತು. ಅದಕ್ಕೂ ಹಿಂದಿನ ಮೇ ತಿಂಗಳಲ್ಲಿ ಟ್ರಸ್ಟ್‌ನವರು ‘ಅವಧಿ ಮುಗಿದಿದೆ ಎಂದು ಬರುತ್ತಿದೆಯಂತೆ’ ಎಂದು ಎರಡು ಬಾರಿ ತಿಳಿಸಿದ್ದರು. ಪಿಎಚ್‌ಪಿಯಲ್ಲಿ ಸೆಷನ್‌ನ ಆಯುಷ್ಯ ಸಾಮಾನ್ಯವಾಗಿ 1440 ಸೆಕೆಂಡು, ಎಂದರೆ 24 ನಿಮಿಷ. ಮಕ್ಕಳು ನಿಧಾನವಾಗಿ ತುಂಬುತ್ತಿರಬಹುದೆಂದು ಭಾವಿಸಿ ನಾನು ಅದನ್ನು ಎರಡು ಗಂಟೆಗೆ ಏರಿಸಿ, ಸಮಸ್ಯೆ ಬಗೆಹರಿಯಿತೆಂದು ಅವರಿಗೆ ಉತ್ತರ ಬರೆದಿದ್ದೆ. ತಪ್ಪು ಸಂದೇಶ ಅರ್ಜಿದಾರರನ್ನು ಮಾತ್ರವಲ್ಲ, ದುರಸ್ತಿ ಮಾಡಬೇಕಾದವನನ್ನೂ ತಪ್ಪು ಬಾಗಿಲಿಗೆ ಕಳುಹಿಸುತ್ತದೆ.

ಇದನ್ನು ಹಿಡಿಯುವ ಬಗೆ ಕಷ್ಟದ್ದಲ್ಲ. ಟೋಕನ್ ಪರೀಕ್ಷೆಗೂ ಮೊದಲು ಒಂದು ಪರೀಕ್ಷೆ ಇರಬೇಕು: ಬಂದ ವಿಧಾನ ಪೋಸ್ಟ್ (ಅರ್ಜಿ ಸಲ್ಲಿಸುವ ವಿಧಾನ) ಆಗಿದ್ದು, ‘ಕಂಟೆಂಟ್ ಲೆಂತ್’ (ಬ್ರೌಸರ್ ಹೇಳಿದ ಮೂಟೆಯ ಅಳತೆ) ನಮ್ಮ ಪೋಸ್ಟ್ ಮಿತಿಗಿಂತ ಹೆಚ್ಚಿದ್ದು, ಎರಡೂ ಅರೇಗಳು ಖಾಲಿ ಇದ್ದರೆ, ಮೂಟೆಯ ಭಾರ ಹೆಚ್ಚಾಗಿದೆ ಎಂದೇ ಅರ್ಥ. ಮಿತಿಯನ್ನು ಸೆಟ್ಟಿಂಗ್‌ನಿಂದ ಓದಿದಾಗ ಅದು ‘8ಎಂ’ ಎಂಬ ಅಕ್ಷರರೂಪದಲ್ಲಿ ಬರುತ್ತದೆ; ಅದನ್ನು ನೇರವಾಗಿ ಸಂಖ್ಯೆಯಾಗಿ ಬಳಸಿದರೆ 8 ಬೈಟ್ ಎಂದಾಗಿಬಿಡುತ್ತದೆ. ಅದು 83,88,608 ಬೈಟ್ ಎಂದು ಪರಿವರ್ತಿಸಿಕೊಳ್ಳಬೇಕು. ಪಿಎಚ್‌ಪಿ 8.2ರಿಂದ ಇದಕ್ಕೆಂದೇ ‘ಐಎನ್‌ಐ ಪಾರ್ಸ್ ಕ್ವಾಂಟಿಟಿ’ ಎಂಬ ಫಂಕ್ಷನ್ ಇದೆ. ಮಿತಿ 0 ಎಂದಿದ್ದರೆ ಮಿತಿಯೇ ಇಲ್ಲ ಎಂದರ್ಥ, ಅದನ್ನೂ ಮರೆಯಬಾರದು. ಈ ಎರಡು ಮಿತಿಗಳನ್ನು ನಮ್ಮ ಕೋಡ್‌ನ ಒಳಗಿನಿಂದ ಏರಿಸಲು ಪ್ರಯತ್ನಿಸಿ ಸಮಯ ಕಳೆದವರನ್ನು ನಾನು ಕಂಡಿದ್ದೇನೆ. ಅದು ಫಲಿಸುವುದಿಲ್ಲ, ಏಕೆಂದರೆ ನಮ್ಮ ಕೋಡ್‌ನ ಮೊದಲ ಸಾಲು ಓಡುವ ಹೊತ್ತಿಗೆ ಫೈಲ್ ಬಂದು ಮುಗಿದಿರುತ್ತದೆ.

ಪಿಎಚ್‌ಪಿಗೂ ಮುಂಚೆ ಇನ್ನೊಂದು ಬಾಗಿಲಿದೆ. ನನ್ನ ಸರ್ವರ್‌ನಲ್ಲಿ ಅದು ಎಂಜಿನ್‌ಎಕ್ಸ್, ಬ್ರೌಸರ್‌ನಿಂದ ಬಂದದ್ದನ್ನು ಮೊದಲು ಪಡೆಯುವ ವೆಬ್ ಸರ್ವರ್ ಪ್ರೋಗ್ರಾಮ್. ಅದರ ‘ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್’ ಬದಲಾಯಿಸದಿದ್ದರೆ ಕೇವಲ 1 ಎಂಬಿ. ಹೊಸದಾಗಿ ಸ್ಥಾಪಿಸಿದ ಸರ್ವರ್‌ನಲ್ಲಿ ಮೊಬೈಲ್‌ನಿಂದ ತೆಗೆದ ಒಂದು ಸಾಮಾನ್ಯ ಫೋಟೊ ಕೂಡ ಪಿಎಚ್‌ಪಿಯ ತನಕ ತಲುಪುವುದಿಲ್ಲ. ಎಂಜಿನ್‌ಎಕ್ಸ್ 413 (ಬಂದದ್ದು ತೀರಾ ದೊಡ್ಡದು) ಎಂಬ ಉತ್ತರ ಕೊಟ್ಟು ಸಂಪರ್ಕವನ್ನು ಮುಚ್ಚುತ್ತದೆ. ಬ್ರೌಸರ್ ಇನ್ನೂ ಫೈಲ್ ಕಳುಹಿಸುತ್ತಲೇ ಇರುವಾಗ ಸಂಪರ್ಕ ಮುಚ್ಚಿಹೋದರೆ, ಅದು ಆ 413ನ್ನು ಓದದೆ ‘ಸಂಪರ್ಕ ಕಡಿದುಹೋಯಿತು’ ಎಂದು ತೋರಿಸುವುದುಂಟು. ಬ್ರೌಸರ್‌ಗಳು ಈ ದೋಷವನ್ನು ಸರಿಯಾಗಿ ತೋರಿಸಲಾರವೆಂದು ಎಂಜಿನ್‌ಎಕ್ಸ್‌ನ ಕೈಪಿಡಿಯೇ ಎಚ್ಚರಿಸುತ್ತದೆ. ಆಗ ನೋಡುವವರಿಗೆ ತಮ್ಮ ಇಂಟರ್ನೆಟ್ ಕೆಟ್ಟಿದೆ ಎನಿಸುತ್ತದೆ. ಅವರು ಮೊಬೈಲ್ ಹಿಡಿದು ಬಾಗಿಲ ಹೊರಗೆ ಹೋಗಿ ಸಿಗ್ನಲ್ ಹುಡುಕುತ್ತಾರೆ, ಕೇಬಲ್ ಬಿಚ್ಚಿ ಮತ್ತೆ ಚುಚ್ಚುತ್ತಾರೆ, ಅದೇ ಫೈಲನ್ನು ಹತ್ತು ಬಾರಿ ಕಳುಹಿಸುತ್ತಾರೆ.

ಹೀಗಾಗಿ ಮಿತಿಗಳ ಕ್ರಮದ ಬಗ್ಗೆ ನನಗೆ ಈಗ ಒಂದು ಖಚಿತ ಅಭಿಪ್ರಾಯವಿದೆ. ಹೊರಗಿನ ಬಾಗಿಲಿಗೆ ಕನ್ನಡ ಬರುವುದಿಲ್ಲ. ಯಾವ ದಾಖಲೆ, ಎಷ್ಟು ದೊಡ್ಡದು, ಮುಂದೇನು ಮಾಡಬೇಕು ಎಂದು ಅದು ಹೇಳಲಾರದು. ಹೇಳಬಲ್ಲದ್ದು ಒಳಗಿರುವ ನಮ್ಮ ಕೋಡ್ ಮಾತ್ರ. ಆದ್ದರಿಂದ ತಿರಸ್ಕಾರ ಆದಷ್ಟೂ ಒಳಗೆ ನಡೆಯಬೇಕು. ನಮ್ಮ ಕೋಡ್‌ನ ಮಿತಿ ಎಲ್ಲಕ್ಕಿಂತ ಚಿಕ್ಕದು. ಅದಕ್ಕಿಂತ ತುಸು ದೊಡ್ಡದು ಪಿಎಚ್‌ಪಿಯ ಫೈಲ್ ಮಿತಿ. ಎಲ್ಲ ಫೈಲ್‌ಗಳ ಮೊತ್ತಕ್ಕಿಂತ ದೊಡ್ಡದು ಪೋಸ್ಟ್ ಮಿತಿ. ಅದಕ್ಕಿಂತಲೂ ದೊಡ್ಡದು ಎಂಜಿನ್‌ಎಕ್ಸ್‌ನ ಮಿತಿ. ಹಾಗೆಂದು ಹೊರಗಿನ ಬಾಗಿಲನ್ನು ಹಾರುಹೊಡೆದು ಇಡುವಂತಿಲ್ಲ, ಯಾರಾದರೂ ಜಿಬಿಗಟ್ಟಲೆ ತುಂಬಿ ಡಿಸ್ಕ್ ಮುಗಿಸಬಹುದು. ನನ್ನಲ್ಲಿ ಈಗ ಕೋಡ್‌ನ ಮಿತಿ 5 ಎಂಬಿ, ಪಿಎಚ್‌ಪಿಯದು 8 ಮತ್ತು 45, ಎಂಜಿನ್‌ಎಕ್ಸ್‌ನದು 50. ಐದೂ ಫೈಲ್‌ಗಳು 8 ಎಂಬಿಯ ಅಂಚಿನಲ್ಲಿದ್ದರೂ ಮೊತ್ತ 40ನ್ನು ದಾಟುವುದಿಲ್ಲ. ಉಳಿದ 5 ಎಂಬಿ ಅರ್ಜಿಯ ಅಕ್ಷರಗಳಿಗೆ ಬೇಕಾದದ್ದಕ್ಕಿಂತ ಹೆಚ್ಚೇ.

ಫೈಲ್ ಪಿಎಚ್‌ಪಿಯೊಳಗೆ ಬಂದ ಮೇಲೆ ಪ್ರತಿಯೊಂದರ ಜೊತೆಗೂ ಒಂದು ದೋಷಸಂಖ್ಯೆ ಬರುತ್ತದೆ. 0 ಎಂದರೆ ಸರಿಯಾಗಿ ಬಂದಿದೆ. 1 ಎಂದರೆ ಸರ್ವರ್‌ನ ಫೈಲ್ ಮಿತಿ ಮೀರಿದೆ, 2 ಎಂದರೆ ಅರ್ಜಿಯೊಳಗೆ ಬರೆದ ಮಿತಿ ಮೀರಿದೆ, 3 ಎಂದರೆ ಅರ್ಧ ಮಾತ್ರ ಬಂದಿದೆ, 4 ಎಂದರೆ ಫೈಲನ್ನೇ ಆರಿಸಿಲ್ಲ, 6 ಎಂದರೆ ತಾತ್ಕಾಲಿಕ ಫೋಲ್ಡರ್ ಇಲ್ಲ, 7 ಎಂದರೆ ಡಿಸ್ಕ್‌ಗೆ ಬರೆಯಲಾಗಲಿಲ್ಲ, 8 ಎಂದರೆ ಪಿಎಚ್‌ಪಿಯ ಯಾವುದೋ ಎಕ್ಸ್‌ಟೆನ್ಶನ್ ತಡೆದಿದೆ. (5 ಎಂಬ ಸಂಖ್ಯೆ ಈ ಸಾಲಿನಲ್ಲಿ ಇಲ್ಲವೇ ಇಲ್ಲ, ಹೊಸಬರು ಅದನ್ನು ಹುಡುಕುವುದು ಬೇಡ.) ನನ್ನ ಹಳೆಯ ಕೋಡ್‌ನಲ್ಲಿ 0 ಅಲ್ಲದ ಎಲ್ಲದಕ್ಕೂ ಒಂದೇ ಸಾಲು ಇತ್ತು: ‘ಕಡತ ಸಲ್ಲಿಕೆಯಲ್ಲಿ ದೋಷ ಸಂಭವಿಸಿದೆ’. ಈ ಏಳು ಸಂಖ್ಯೆಗಳಲ್ಲಿ ಅರ್ಜಿದಾರರು ಏನಾದರೂ ಮಾಡಿ ಸರಿಪಡಿಸಬಹುದಾದವು ಕೆಲವು ಮಾತ್ರ. ದೊಡ್ಡ ಫೈಲ್ ಆಗಿದ್ದರೆ ಚಿಕ್ಕದು ಮಾಡಬಹುದು, ಆರಿಸದಿದ್ದರೆ ಆರಿಸಬಹುದು, ಅರ್ಧ ಬಂದಿದ್ದರೆ ಮತ್ತೆ ಕಳುಹಿಸಬಹುದು. ಆದರೆ 6, 7, 8 ನನ್ನ ಮನೆಯ ತೊಂದರೆಗಳು. ಅದಕ್ಕಾಗಿ ಅವರು ಸ್ಕ್ಯಾನರ್ ಮುಂದೆ ಮತ್ತೆ ನಿಲ್ಲಬೇಕಾಗಿಲ್ಲ.

ಜುಲೈ ತಿಂಗಳಲ್ಲಿ ಇಂತಹ ಒಂದು ತೊಂದರೆ ನನಗೇ ಎದುರಾಯಿತು. ಡಿಸ್ಕ್‌ನಲ್ಲಿ 11 ಜಿಬಿ ಖಾಲಿ ಇದ್ದರೂ ಫೈಲ್ ಬರೆಯಲಾಗುತ್ತಿಲ್ಲ ಎಂದು ಸರ್ವರ್ ಹೇಳುತ್ತಿತ್ತು. ಲಿನಕ್ಸ್‌ನಲ್ಲಿ ಜಾಗದ ಲೆಕ್ಕ ಬೇರೆ, ಫೈಲ್‌ಗಳ ಎಣಿಕೆಯ ಲೆಕ್ಕ ಬೇರೆ. ಪ್ರತಿ ಫೈಲ್‌ಗೂ ಒಂದು ‘ಐನೋಡ್’ ಬೇಕು, ಅವುಗಳ ಸಂಖ್ಯೆ ಡಿಸ್ಕ್ ಸಿದ್ಧಪಡಿಸುವಾಗಲೇ ಬಹುಮಟ್ಟಿಗೆ ನಿಗದಿಯಾಗಿರುತ್ತದೆ. ಸೆಷನ್ ಆಯುಷ್ಯ ಏರಿಸಿದ ಮೇಲೆ ಹಳೆಯ ಸೆಷನ್‌ಗಳನ್ನು ಗುಡಿಸುವ ಕೆಲಸವನ್ನು ನಾನು ಸರಿಯಾಗಿ ಹೊಂದಿಸಿರಲಿಲ್ಲ. ಒಂದೊಂದೂ ಕೆಲವೇ ಬೈಟ್‌ಗಳ ಲಕ್ಷಾಂತರ ಚಿಕ್ಕ ಫೈಲ್‌ಗಳು ಸೇರಿ ಐನೋಡ್‌ಗಳನ್ನೆಲ್ಲ ತಿಂದುಹಾಕಿದ್ದವು. ಡಿಸ್ಕ್‌ನ ಬಳಕೆಯನ್ನು ತೋರಿಸುವ ‘ಡಿಎಫ್’ ಆದೇಶದ ಜೊತೆಗೆ ‘ಐ’ ಆಯ್ಕೆ ಕೊಟ್ಟು ನೋಡಿದಾಗ 100 ಪ್ರತಿಶತ ಎಂದಿತು. ತಪ್ಪು ಸಂದೇಶವನ್ನು ನಂಬಿ ಮೇ ತಿಂಗಳಲ್ಲಿ ಮಾಡಿದ ತಪ್ಪು ದುರಸ್ತಿ ಎರಡು ತಿಂಗಳ ನಂತರ ಹೊಸ ದೋಷವಾಗಿ ತಿರುಗಿ ಬಂದಿತ್ತು. ಈಗ 6, 7, 8 ಬಂದರೆ ಅರ್ಜಿದಾರರಿಗೆ ‘ಇದು ನಮ್ಮ ಸರ್ವರ್‌ನ ತೊಂದರೆ, ನಿಮ್ಮ ಫೈಲ್ ಸರಿಯಾಗಿದೆ, ಈವರೆಗೆ ತುಂಬಿದ್ದು ಉಳಿದಿದೆ, ಒಂದು ಗಂಟೆಯ ನಂತರ ಇಲ್ಲಿಂದಲೇ ಮುಂದುವರಿಸಿ’ ಎಂಬ ಸಾಲು ಹೋಗುತ್ತದೆ, ಮತ್ತು ಅದೇ ಕ್ಷಣ ನನ್ನ ಮೊಬೈಲ್‌ಗೆ ಒಂದು ಸಂದೇಶ ಬರುತ್ತದೆ. ಇಂತಹ ಉತ್ತರದ ಜೊತೆಗೆ ‘ಎಲ್ಲ ಸರಿ’ ಎನ್ನುವ 200 ಎಂಬ ಎಚ್‌ಟಿಟಿಪಿ ಸಂಖ್ಯೆ ಹೋಗಬಾರದು. ‘ಸರ್ವರ್‌ನ ದೋಷ’ ಎನ್ನುವ 500ರ ಸರಣಿಯದೇ ಹೋಗಬೇಕು. ಇಲ್ಲದಿದ್ದರೆ ಸರ್ವರ್ ಮೇಲೆ ಕಣ್ಣಿಡುವ ಉಪಕರಣಗಳಿಗೆ ಎಲ್ಲವೂ ಕ್ಷೇಮವಾಗಿ ಕಾಣುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಕಣ್ಣಿಗೆ ಕಾಣುವ ದೋಷಗಳು. ನನಗೆ ಹೆಚ್ಚು ನೋವು ಕೊಟ್ಟದ್ದು, ಏನೂ ಆಗಿಲ್ಲವೆಂಬಂತೆ 0 ಎಂಬ ಸಂಖ್ಯೆಯೊಂದಿಗೆ ಬಂದ ದೋಷ. ಫೈಲ್ ಹೆಸರಿನಲ್ಲಿ ಅಪಾಯಕಾರಿ ಚಿಹ್ನೆಗಳು ಇರಬಾರದೆಂದು, ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಚುಕ್ಕಿ ಬಿಟ್ಟು ಉಳಿದೆಲ್ಲವನ್ನೂ ಅಳಿಸುವ ಒಂದು ಸಾಲನ್ನು ನಾನು ಎಲ್ಲಿಂದಲೋ ಕಲಿತು ಹಾಗೆಯೇ ಬಳಸಿದ್ದೆ. ವಿದ್ಯಾರ್ಥಿಯೊಬ್ಬಳು ತನ್ನ ದಾಖಲೆಗಳಿಗೆ ಅಚ್ಚುಕಟ್ಟಾಗಿ ‘ಅಂಕಪಟ್ಟಿ’, ‘ಆದಾಯ ಪ್ರಮಾಣಪತ್ರ’ ಎಂದು ಕನ್ನಡದಲ್ಲಿ ಹೆಸರಿಟ್ಟಿದ್ದಳು. ನನ್ನ ಆ ಸಾಲು ಕನ್ನಡವನ್ನೆಲ್ಲ ಅಳಿಸಿತು. ಎರಡೂ ಹೆಸರುಗಳಲ್ಲಿ ಉಳಿದದ್ದು ಚುಕ್ಕಿ ಮತ್ತು ‘ಪಿಡಿಎಫ್’ ಮಾತ್ರ. ಒಂದೇ ಹೆಸರಿನ ಫೈಲ್ ಅದೇ ಜಾಗಕ್ಕೆ ಬಂದಾಗ ಫೈಲನ್ನು ಅಂತಿಮ ಜಾಗಕ್ಕೆ ಸಾಗಿಸುವ ‘ಮೂವ್ ಅಪ್‌ಲೋಡೆಡ್ ಫೈಲ್’ ಫಂಕ್ಷನ್ ಹಳೆಯದರ ಮೇಲೆಯೇ ಬರೆಯುತ್ತದೆ, ಕೇಳುವುದಿಲ್ಲ. ಅವಳ ಅಂಕಪಟ್ಟಿ ಇರಬೇಕಾದಲ್ಲಿಯೂ ಆದಾಯ ಪ್ರಮಾಣಪತ್ರವೇ ಕುಳಿತಿತ್ತು. ಲಿನಕ್ಸ್‌ನಲ್ಲಿ ಚುಕ್ಕಿಯಿಂದ ಆರಂಭವಾಗುವ ಫೈಲ್ ಸಾಮಾನ್ಯ ಪಟ್ಟಿಯಲ್ಲಿ ಕಾಣದ ಕಾರಣ ನಾನು ಹುಡುಕಿದಾಗ ಫೋಲ್ಡರ್ ಖಾಲಿ ಎನಿಸಿತು. ಅಂಕಪಟ್ಟಿ ಇಲ್ಲವೆಂದು ಅವಳ ಅರ್ಜಿಯನ್ನು ಬದಿಗಿಟ್ಟಿದ್ದರು. ಸಕಾಲದಲ್ಲಿ ಗಮನಕ್ಕೆ ಬಂದು ದಾಖಲೆಯನ್ನು ಮತ್ತೆ ತರಿಸಿಕೊಂಡೆವು. ಕನ್ನಡದಲ್ಲಿ ಹೆಸರಿಟ್ಟ ಕಾರಣಕ್ಕೆ, ಕನ್ನಡದವನೇ ಬರೆದ ಅರ್ಜಿಯಲ್ಲಿ ಒಂದು ಮಗುವಿಗೆ ಹೀಗಾದದ್ದು ನನ್ನನ್ನು ಬಹಳ ದಿನ ಕಾಡಿತು.

ಕನ್ನಡದ ಹೆಸರುಗಳನ್ನು ಹಾಗೆಯೇ ಉಳಿಸಿಕೊಂಡರೆ ಸಾಕೇ ಎಂದರೆ, ಅಲ್ಲಿಯೂ ತೊಡಕಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ‘ದಾವಣಗೆರೆ’ ಎಂಬುದು ಕಣ್ಣಿಗೆ ಐದು ಅಕ್ಷರ. ಸ್ವರಚಿಹ್ನೆಗಳನ್ನು ಬಿಡಿಸಿ ಎಣಿಸಿದರೆ 8 ಸಂಕೇತ, 24 ಬೈಟ್. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರು 255 ಬೈಟ್ ಮೀರುವಂತಿಲ್ಲ, ಎಂದರೆ ಸುಮಾರು 85 ಕನ್ನಡ ಸಂಕೇತಗಳು. ಆದರೆ ವಿಂಡೋಸ್‌ನ ಎನ್‌ಟಿಎಫ್‌ಎಸ್ ಎಣಿಸುವುದು ಬೈಟ್‌ಗಳನ್ನಲ್ಲ, 255 ಯುಟಿಎಫ್-16 ಘಟಕಗಳನ್ನು. ಕನ್ನಡದ ಒಂದು ಸಂಕೇತ ಅಲ್ಲಿ ಒಂದೇ ಘಟಕ. ಅಕ್ಕನ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಊರು, ತಾಲ್ಲೂಕು ಸೇರಿಸಿ ಇಟ್ಟ ಉದ್ದನೆಯ ಹೆಸರು ಅಲ್ಲಿ ನ್ಯಾಯವಾದದ್ದೇ, ನನ್ನ ಸರ್ವರ್‌ನಲ್ಲಿ ಹಿಡಿಸುವುದಿಲ್ಲ. ಪಿಎಚ್‌ಪಿ ಫೈಲನ್ನು ಮೊದಲು ತನ್ನದೇ ಚಿಕ್ಕ ತಾತ್ಕಾಲಿಕ ಹೆಸರಿನಲ್ಲಿ ಇಡುವುದರಿಂದ ದೋಷಸಂಖ್ಯೆ 0 ಎಂದೇ ಬರುತ್ತದೆ. ಸೋಲುವುದು ನಾವು ಅದನ್ನು ಅಂತಿಮ ಜಾಗಕ್ಕೆ ಸಾಗಿಸುವಾಗ. ಸಾಗಿಸುವ ಫಂಕ್ಷನ್ ಹಿಂದಿರುಗಿಸುವ ಉತ್ತರವನ್ನು ನೋಡದೆ ‘ಅರ್ಜಿ ಸ್ವೀಕರಿಸಲಾಗಿದೆ’ ಎಂದು ತೋರಿಸಿದರೆ, ಪ್ರೋಗ್ರಾಮ್ ಮುಗಿಯುತ್ತಿದ್ದಂತೆ ಪಿಎಚ್‌ಪಿ ತಾತ್ಕಾಲಿಕ ಫೈಲನ್ನು ತಾನೇ ಅಳಿಸುತ್ತದೆ. ಅರ್ಜಿದಾರರ ಕೈಯಲ್ಲಿ ಸ್ವೀಕೃತಿ ಸಂಖ್ಯೆ ಇರುತ್ತದೆ, ನಮ್ಮಲ್ಲಿ ಏನೂ ಇರುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗ, ಆದ್ದರಿಂದ ಪರೀಕ್ಷೆಗೆ ಮೊದಲು ಟೈಪ್ ಮಾಡುವ ಪದ ‘ಕೋಟೆ’. ಈ ಎರಡಕ್ಷರದ ಪದದಲ್ಲಿಯೇ ಇನ್ನೊಂದು ಸಂಗತಿ ಅಡಗಿದೆ. ಯುನಿಕೋಡ್‌ನಲ್ಲಿ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎತ್ವ, ಊತ್ವ, ದೀರ್ಘಚಿಹ್ನೆ ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ‘ಕೋಟೆ’. ಒಳಗೆ ಒಂದು 12 ಬೈಟ್, ಇನ್ನೊಂದು 18 ಬೈಟ್. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಡೇಟಾಬೇಸ್‌ನಲ್ಲಿ ಒಂದು ರೂಪವೂ ಡಿಸ್ಕ್‌ನಲ್ಲಿ ಇನ್ನೊಂದು ರೂಪವೂ ಇದ್ದರೆ, ಕಣ್ಣೆದುರಿಗೆ ಇರುವ ಫೈಲನ್ನೇ ಸರ್ವರ್ ‘ಇಲ್ಲ’ ಎನ್ನುತ್ತದೆ. ಇದಕ್ಕೆಲ್ಲ ನಾನು ಕಂಡುಕೊಂಡ ಪರಿಹಾರ ಹೀಗಿದೆ: ಅರ್ಜಿದಾರರು ಇಟ್ಟ ಹೆಸರನ್ನು ಒಂದೇ ರೂಪಕ್ಕೆ ತಂದು, ಡೇಟಾಬೇಸ್‌ನಲ್ಲಿ ತೋರಿಸುವುದಕ್ಕಾಗಿ ಮಾತ್ರ ಇಟ್ಟುಕೊಳ್ಳುವುದು, ಡಿಸ್ಕ್ ಮೇಲೆ 16 ಯಾದೃಚ್ಛಿಕ ಬೈಟ್‌ಗಳಿಂದ ಹುಟ್ಟಿದ 32 ಚಿಹ್ನೆಗಳ ಹೆಸರನ್ನು ಕೊಡುವುದು. ದೋಷ ಬಂದಾಗ ಅವಳ ‘ಅಂಕಪಟ್ಟಿ’ಯನ್ನು ಅದೇ ಹೆಸರಿನಿಂದ ಕರೆದು ಹೇಳಬಹುದು, ಡಿಸ್ಕ್‌ಗೆ ಅದರ ಉದ್ದ ತಿಳಿಯಬೇಕಾಗಿಯೇ ಇಲ್ಲ.

ಫೈಲ್‌ನ ಬಗೆಯನ್ನು ಪರೀಕ್ಷಿಸುವ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಬ್ರೌಸರ್ ಹೇಳಿದ ಬಗೆಯನ್ನೂ ಹೆಸರಿನ ಕೊನೆಯ ಅಕ್ಷರಗಳನ್ನೂ ನಂಬಬಾರದು. ಫೈಲ್‌ನ ಮೊದಲ ಬೈಟ್‌ಗಳನ್ನು ನೋಡುವ ‘ಫೈಲ್‌ಇನ್ಫೋ’ ಬಳಸಬೇಕು. 2017ರಲ್ಲಿ ಬಂದ ಐಒಎಸ್ 11ರಿಂದ ಈಚೆಗೆ ಐಫೋನ್ ಫೋಟೊಗಳು ಸಾಮಾನ್ಯವಾಗಿ ಎಚ್‌ಇಐಸಿ ರೂಪದಲ್ಲಿರುತ್ತವೆ, ಸೆಂಟರ್‌ಗಳಲ್ಲಿ ಅವುಗಳ ಹೆಸರಿನ ಕೊನೆಯನ್ನು ‘ಜೆಪಿಜಿ’ ಎಂದು ತಿದ್ದಿ ಕಳುಹಿಸುವುದುಂಟು. ಅವರಿಗೆ ‘ಅಮಾನ್ಯ ಕಡತ’ ಎನ್ನುವ ಬದಲು ‘ಇದು ಐಫೋನ್‌ನ ಎಚ್‌ಇಐಸಿ ಫೋಟೊ, ಜೆಪಿಜಿ ಆಗಿ ಬದಲಾಯಿಸಿ ಕಳುಹಿಸಿ’ ಎಂದರೆ ಕೆಲಸ ಮುಗಿಯುತ್ತದೆ. 0 ಬೈಟ್‌ನ ಖಾಲಿ ಫೈಲ್ ಕೂಡ ಯಾವ ದೋಷಸಂಖ್ಯೆಯೂ ಇಲ್ಲದೆ ಬರುತ್ತದೆ ಎಂಬುದು ನೆನಪಿರಲಿ.

ಇನ್ನು ನೆಟ್‌ವರ್ಕ್. ಮೇಲೆ ಹೇಳಿದ 3ನೆಯ ಸಂಖ್ಯೆ, ಎಂದರೆ ಅರ್ಧ ಬಂದ ಫೈಲ್, ನನ್ನ ಲಾಗ್‌ನಲ್ಲಿ ಬಹುತೇಕ ಕಾಣುವುದೇ ಇಲ್ಲ. ಎಂಜಿನ್‌ಎಕ್ಸ್ ಸಾಮಾನ್ಯವಾಗಿ ಇಡೀ ಮೂಟೆ ತನ್ನ ಕೈಸೇರಿದ ಮೇಲೆಯೇ ಅದನ್ನು ಪಿಎಚ್‌ಪಿಗೆ ಒಪ್ಪಿಸುತ್ತದೆ. ನಡುವೆ ಸಂಪರ್ಕ ಕಡಿದರೆ ಪಿಎಚ್‌ಪಿಗೆ ಸುದ್ದಿಯೂ ತಲುಪುವುದಿಲ್ಲ. ಹೊನ್ನಾಳಿಯಲ್ಲೋ ಚಳ್ಳಕೆರೆಯಲ್ಲೋ ಮೊಬೈಲ್‌ನಿಂದ ಕಳುಹಿಸುತ್ತಿರುವಾಗ ಸಿಗ್ನಲ್ ಹೋದರೆ ಅದನ್ನು ಹೇಳಬಲ್ಲದ್ದು ಬ್ರೌಸರ್‌ನೊಳಗಿನ ಜಾವಾಸ್ಕ್ರಿಪ್ಟ್ ಮಾತ್ರ. ಅದಕ್ಕಾಗಿ ನಾನು ಒಂದೇ ಮೂಟೆಯ ಪದ್ಧತಿಯನ್ನೇ ಬಿಟ್ಟೆ. ಅರ್ಜಿಯ ಅಕ್ಷರಗಳು ಮೊದಲು ಉಳಿಯುತ್ತವೆ. ಆಮೇಲೆ ಪ್ರತಿ ದಾಖಲೆಯೂ ಆರಿಸಿದ ಕೂಡಲೇ ಒಂಟಿಯಾಗಿ ಹೋಗುತ್ತದೆ. ಎಷ್ಟು ಹೋಗಿದೆ ಎಂದು ತೋರಿಸಲು ಜಾವಾಸ್ಕ್ರಿಪ್ಟ್‌ನ ಹಳೆಯ ‘ಎಕ್ಸ್‌ಎಂಎಲ್ ಎಚ್‌ಟಿಟಿಪಿ ರಿಕ್ವೆಸ್ಟ್’ ವಿಧಾನವನ್ನೇ ಬಳಸಿದೆ, ಏಕೆಂದರೆ ಹೊಸ ‘ಫೆಚ್’ನಲ್ಲಿ ಅಪ್‌ಲೋಡ್‌ನ ಪ್ರಗತಿಯನ್ನು ತಿಳಿಸುವ ಘಟನೆಗಳಿಲ್ಲ. ಸಂಪರ್ಕ ಕಡಿದಾಗ ಉತ್ತರದ ಸಂಖ್ಯೆ 0 ಎಂದಿರುತ್ತದೆ. ಆಗ ‘ನೆಟ್ ಕಡಿದಿದೆ, ಅಂಕಪಟ್ಟಿ ಮಾತ್ರ ಹೋಗಿಲ್ಲ, ಮತ್ತೆ ಒತ್ತಿ’ ಎಂದು ಆ ದಾಖಲೆಯ ಪಕ್ಕದಲ್ಲಿಯೇ ಬರುತ್ತದೆ. ಕೆಲವೊಮ್ಮೆ ಫೈಲ್ ಸರ್ವರ್‌ಗೆ ತಲುಪಿದ್ದರೂ ತಲುಪಿತೆಂಬ ಉತ್ತರ ಹಿಂದಿರುಗುವ ಮೊದಲೇ ಸಂಪರ್ಕ ಹೋಗಿರುತ್ತದೆ, ಮತ್ತೆ ಒತ್ತಿದಾಗ ಎರಡನೆಯ ಪ್ರತಿ ಬರುತ್ತದೆ. ಆದ್ದರಿಂದ ಅರ್ಜಿಯ ಸಂಖ್ಯೆ ಮತ್ತು ದಾಖಲೆಯ ಬಗೆ ಸೇರಿ ಒಂದೇ ಸ್ಥಾನ. ಹೊಸ ಪ್ರತಿ ಪೂರ್ತಿಯಾಗಿ ಡಿಸ್ಕ್ ಸೇರಿದ ನಂತರವೇ ಹಳೆಯದು ಹೋಗುತ್ತದೆ.

ಸಂದೇಶಗಳ ಭಾಷೆಯನ್ನು ತಿದ್ದಿದ್ದು ಅಕ್ಕನ ಸೆಂಟರ್‌ನಲ್ಲಿಯೇ. ನಾನು ‘ಕಡತದ ಗಾತ್ರವು ಅನುಮತಿಸಿದ ಮಿತಿಯನ್ನು ಮೀರಿದೆ’ ಎಂದು ಬರೆದುಕೊಂಡು ಹೋಗಿದ್ದೆ. ಅವರು ಓದಿ, “ಇಲ್ಲಿಗೆ ಬರೋರು ಸೈಜ್ ಅಂತಾರ್ರಿ ಸರ್. ಎಷ್ಟೈತಿ, ಎಷ್ಟಿರಬೇಕು ಅಂತ ಬರೀರಿ, ಸಾಕು” ಎಂದರು. ಈಗ ಆ ಜಾಗದಲ್ಲಿರುವ ಸಾಲು: ‘ಅಂಕಪಟ್ಟಿಯ ಸೈಜ್ 6.3 ಎಂಬಿ ಇದೆ, 5 ಎಂಬಿಗಿಂತ ಕಡಿಮೆ ಇರಬೇಕು. ಉಳಿದ ನಾಲ್ಕು ದಾಖಲೆಗಳು ಬಂದಿವೆ.’ ಈ ಎರಡನೆಯ ವಾಕ್ಯವನ್ನು ಸೇರಿಸಲು ಹೇಳಿದವರೂ ಅವರೇ. ಒಂದು ತಪ್ಪಾದರೆ ಎಲ್ಲವೂ ಹೋಯಿತೆಂದು ಜನ ಹೆದರುತ್ತಾರೆ, ಉಳಿದದ್ದು ಉಳಿದಿದೆ ಎಂದು ಮೊದಲು ತಿಳಿಯಬೇಕು ಎಂಬುದು ಅವರ ಅನುಭವ.

ಈ ವರ್ಷದ ಅರ್ಜಿ ತೆರೆಯುವ ಮೊದಲು ಒಂದು ಇಡೀ ದಿನ ಅಲ್ಲಿಯೇ ಕುಳಿತು ಎಲ್ಲ ಸೋಲುಗಳನ್ನೂ ನಾನೇ ಬರಿಸಿ ನೋಡಬೇಕೆಂದಿದ್ದೇನೆ: 60 ಎಂಬಿಯ ಫೋಟೊ, ನೂರು ಸಂಕೇತಗಳ ಕನ್ನಡ ಹೆಸರಿನ ಪಿಡಿಎಫ್, ಎರಡು ಬಗೆಯ ‘ಕೋಟೆ’, ಖಾಲಿ ಫೈಲ್, ಹೆಸರು ತಿದ್ದಿದ ಎಚ್‌ಇಐಸಿ, ಅರ್ಧ ಹೋಗುವಾಗ ಕಿತ್ತ ನೆಟ್‌ವರ್ಕ್ ಕೇಬಲ್, ಬರೆಯಲು ಅನುಮತಿಯಿಲ್ಲದ ಫೋಲ್ಡರ್. ಒಂದೊಂದಕ್ಕೂ ಪರದೆಯ ಮೇಲೆ ಬರುವ ಸಾಲನ್ನು ಅಕ್ಕ ಗಟ್ಟಿಯಾಗಿ ಓದಿ, ಮುಂದೇನು ಮಾಡಬೇಕೆಂದು ನನ್ನನ್ನು ಕೇಳದೆಯೇ ಮಾಡಬೇಕು.